ತೇದ ಮಾತ್ರೆ

ತ್ರಾಸಿಯ ಸುಗುಣ ಮೀನು ಮಾರುವಾಗ ಯಾರ ಮೇಲೂ ರೇಗಿದವಳಲ್ಲ. ಆ ದಿನ ಮಾತ್ರ ಖಾಲಿ ಬುಟ್ಟಿಯನ್ನು ಕುಂದಾಪುರದ ಮದ್ದಿನಂಗಡಿಯ ಮೆಟ್ಟಿಲ ಮೇಲೆ ಕುಕ್ಕಿ, ಮಾತ್ರೆಯ ಡಬ್ಬಿಯನ್ನು ಅಂಗಡಿಯ ದಿವ್ಯಾಳ ಮುಂದೆ ಉರುಳಿಸಿದಳು.

"ಹ್ವಾಯ್, ಎಂತ ಮದ್ದ್ ಇದ್? ಡಬ್ಬಿ ಖಾಲಿ ಆಪುಕ್ ಬಂತ್, ಇವ್ರ್ ಪಾಯಿಖಾನಿ ಬಿಟ್ಟ್ ಹೊರ್ಗ್ ಬಪ್ಪುದೇ ಇಲ್ಲ!"

ಗಂಡ ಐತನ ದೊಡ್ಡ ಕರುಳಲ್ಲಿ ಹುಣ್ಣು. ರಕ್ತಭೇದಿ ನಿಲ್ಲದೆ ಅವನು ದೋಣಿ ಹತ್ತಿ ತಿಂಗಳುಗಳೇ ಆಗಿದ್ದವು; ನಡುಗಡಲಲ್ಲಿ ಅಷ್ಟು ಜನರೆದುರು ಎಲ್ಲಿ ಕೂರುವುದು? ಈ ಮಾತ್ರೆ ಹಿಡಿಯದಿದ್ದರೆ ಕರುಳನ್ನೇ ಕೊಯ್ದು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

"ಹ್ಯಾಂಗ್ ಕೊಡ್ತ್ರಿ?" ಎಂದಳು ದಿವ್ಯಾ.

"ಮದ್ದ್ ಕೊಡುಕ್ ನಂಗ್ ಕಲಿಸ್ಕಾ? ಕಲ್ಲ್ ಮೇಲ್ ತೇದ್, ಜೇನಿಗ್ ಹಾಕಿ ಕಲ್ಸಿ."

ಬಾಣಂತಿಗೆ, ಮಗುವಿಗೆ, ಜ್ವರಕ್ಕೆ ಅತ್ತೆ ಬೇರು ತೇಯುತ್ತಿದ್ದ ಅದೇ ಕಲ್ಲು. ಐತನಿಗೆ ಇಡೀ ಮಾತ್ರೆ ಕಂಡರೇ ಓಕರಿಕೆ.

ದಿವ್ಯಾ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾರಾಯ್ತಿ! ಮೇಲಿನ್ ಕೆಂಪ್ ಪೊರೆ ಚಂದಕ್ಕ್ ಅಲ್ಲ. ಹೊಟ್ಟೆ ಹುಳಿಗೆ ಅದ್ ಕರ್ಗುದಿಲ್ಲ, ದೊಡ್ಡ ಕರುಳ್ ಹತ್ರ ಹೋದ್ಮೇಲೇ ಬಿಚ್ಚುದ್. ತೇದ್ರೆ ಮದ್ದ್ ಮೇಲಿನ್ ಕರುಳಲ್ಲೇ ಖರ್ಚಾತ್ತ್, ಹುಣ್ಣಿಗೆ ಎಂತ ಮುಟ್ಟತ್ತ್?"

ಮಂಗಳೂರಿಗೆ ಕಳಿಸಿದ ಮೀನಿನ ಐಸ್ ಪೆಟ್ಟಿಗೆಯ ಮುಚ್ಚಳವನ್ನು ಅರ್ಧ ದಾರಿಯ ಬ್ರಹ್ಮಾವರದಲ್ಲೇ ತೆಗೆದಿಟ್ಟಂತಾಯಿತು! ಸುಗುಣ ಡಬ್ಬಿಯನ್ನು ಸರಕ್ಕನೆ ಎತ್ತಿಕೊಂಡಳು.

"ಮೊದ್ಲೇ ಹೇಳುಕ್ ಆಗ್ದಾ?"

"ನೀವ್ ತೇಯ್ತ್ರಿ ಅಂದ್ ನಂಗ್ ಕನಸ್ ಬೀಳ್ಕಾ?"

ಮನೆಗೆ ಬಂದು ಹೇಳಿದರೆ ಐತ ಗೋಡೆಗೆ ಮುಖ ತಿರುಗಿಸಿದ. "ನಂಗೆ ನುಂಗುಕ್ ಆತಿಲ್ಲ. ಕೊಯ್ದ್ರೆ ಕೊಯ್ಲಿ."

ಸುಗುಣ ಬಟ್ಟಲಿಗೆ ಅನ್ನ ಬಡಿಸಿದಳು. "ಗಂಟ್ಲಂಗೆ ಮೀನ್ ಮುಳ್ಳ್ ಸಿಕ್ಕಿರೆ ಎಂತ ಮಾಡ್ತ್ರಿ?"

"ಅನ್ನದ್ ಉಂಡೆ ನುಂಗ್ತೆ."

"ಅಗಿದ್ ನುಂಗ್ತ್ರಿಯಾ?"

"ಅಗಿದ್ರೆ ಮುಳ್ಳ್ ಹೋತ್ತಾ, ಹುಚ್ಚಿ?"

"ಹಂಗಾರೆ ಈಗ್ಳೂ ಸಿಕ್ಕಿತ್ ಅಂದ್ಕಣಿ."

ಬರೀ ಅನ್ನದ ಉಂಡೆ ಸಲೀಸಾಗಿ ಇಳಿಯಿತು. ಮಾತ್ರೆ ಹುದುಗಿಸಿದ ಉಂಡೆ ಬಾಯಿಗೆ ಹೋದದ್ದೇ ತಡ, ಕಟುಂ ಎಂದಿತು.

"ಹಲ್ಲೆಲ್ಲ ಕೀಳ್ಸಿ ಬಿಡ್ತೆ ಕಾಣಿ!" ಸುಗುಣ ಬಟ್ಟಲು ಎತ್ತಿಕೊಂಡು ಹೋದಳು.

ಮರುದಿನ ಮತ್ತೆ ಉಂಡೆ ಕಟ್ಟಿದಳು, ಈ ಸಲ ಸಣ್ಣದು, ಮೀನಿನ ಸಾರಲ್ಲಿ ಅದ್ದಿ. ಐತ ಕಣ್ಣು ಮುಚ್ಚಿ ನುಂಗಿದ.

"ಹೋಯ್ತ್," ಎಂದ.

ಅವಳು ನಂಬಲಿಲ್ಲ. ಮೀನಿನ ಕಿವಿರು ಎತ್ತಿ ನೋಡುವ ಬೆರಳನ್ನೇ ಅವನ ನಾಲಿಗೆಯಡಿ ಹಾಕಿ ತಡವಿದಳು. ಏನೂ ಇರಲಿಲ್ಲ.

ಹಿತ್ತಲಿಗೆ ಹೋಗಿ ತೇಯುವ ಕಲ್ಲನ್ನು ಬಾವಿಕಟ್ಟೆಯ ಹಿಂದೆ ಬೋರಲು ಹಾಕಿದಳು.