ಬದುಕಿರುವವರ ಮೇಲೆ ಪುಸ್ತಕ

ವಿಶ್ವವಿದ್ಯಾಲಯದ ಕೆಲಸದ ಸಂದರ್ಶನಕ್ಕೆ ಹೊರಡುವ ಹೊತ್ತಿಗೆ ಗಂಡ ಫೋನನ್ನು ಅವಳ ಮುಖಕ್ಕೇ ಹಿಡಿದ. "ನಿನ್ನ ಮೌಲಾನಾ ನಿನ್ನೆ ಪಲ್ಟಿ ಹೊಡೆದಿದಾರೆ ನೋಡು."

ಮೌಲಾನಾ ಅವಳಿಗೆ ನೆಂಟರಲ್ಲ, ಗುರುಗಳೂ ಅಲ್ಲ, ಅವಳ ಸಂಶೋಧನೆಯ ವಿಷಯ. ಯೌವನವನ್ನೆಲ್ಲ ಸುರಿದು ಬರೆದ ಒಂದೇ ಪುಸ್ತಕ ಅವರ ಒಂದೇ ಮಾತಿನ ಮೇಲೆ ನಿಂತಿತ್ತು: ಪ್ರತಿ ತಲೆಮಾರೂ ಕುರಾನನ್ನು ತಾನೇ ಹೊಸದಾಗಿ ಓದಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಈಗ ಫೋನಿನ ವಿಡಿಯೋದಲ್ಲಿ ಅವರು ಕೆಮ್ಮುತ್ತ, ಅಪ್ಪಣೆ ಬೇಕು ಎನ್ನುತ್ತಿದ್ದರು. ಹಿಂದೆ ಹೇಳಿದ್ದು ವಯಸ್ಸಿನ ಹುಮ್ಮಸ್ಸಂತೆ.

ಶೂ ಹಾಕಿಕೊಳ್ಳುತ್ತಲೇ ಅವರಿಗೆ ಫೋನು ಮಾಡಿದಳು.

"ಬದುಕಿರೋ ಮನುಷ್ಯ ಕಣಮ್ಮಾ ನಾನು. ಮನಸ್ಸು ಬದಲಾಯಿಸೋಕೂ ನಿನ್ನ ಕೇಳಬೇಕಾ?"

"ಇವತ್ತೇ ನನ್ನ ಸಂದರ್ಶನ, ಮೌಲಾನಾ."

"ಅಯ್ಯೋ, ಮೊದಲೇ ಹೇಳಿದ್ರೆ ಒಂದು ವಾರ ತಡೀತಿದ್ದೆನಲ್ಲ! ದುವಾ ಮಾಡ್ತೀನಿ, ಹೋಗಿ ಬಾ."

ಗಂಡ ನಗು ನುಂಗಿಕೊಂಡ. "ಅವರು ನಿನ್ನೆ ಹೇಳಿದ್ದು ತಪ್ಪು ಅಂದುಬಿಡು."

"ತಪ್ಪು ಅಂದ್ರೆ ಅವರ ಹಳೇ ಪಾಠ ಒಪ್ಪಿದ ಹಾಗೆ. ಸರಿ ಅಂದ್ರೆ ಹೊಸ ಪಾಠ."

"ಅತ್ತ ದರಿ, ಇತ್ತ ಪುಲಿ. ಎರಡೂ ಮೌಲಾನಾರದ್ದೇ!"

ಅವಳಿಗೆ ನಗು ಬರಲಿಲ್ಲ. ಈ ಕಾಯಂ ಕೆಲಸ ಅವಳಿಗೆ ಬೇಕಾಗಿದ್ದೇ ಅವರ ಹೆಸರಿಲ್ಲದ ಒಂದು ಪುಸ್ತಕ ಬರೆಯುವುದಕ್ಕೆ. ತನ್ನ ಓದು, ತನ್ನ ಮಾತು.

ಸಂದರ್ಶನದ ಕೋಣೆಯ ಎಸಿ ಕೆಟ್ಟಿತ್ತು. ಎಸಿ ಇದೆಯೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು.

"ನಾವು ಬರೆಯೋ ಜನರೆಲ್ಲ ಸತ್ತು ಸುಮ್ಮನಿದಾರೆ," ಎಂದರು ಇತಿಹಾಸದ ಪ್ರೊಫೆಸರು, ಬೆವರು ಒರೆಸಿಕೊಳ್ಳುತ್ತ. "ನಿಮ್ಮದೇ ಕಷ್ಟ ನೋಡಿ."

ಸಮಿತಿಯ ಅಧ್ಯಕ್ಷೆ ಅವಳ ಹೊಸ ಪುಸ್ತಕದ ಯೋಜನೆಯನ್ನು ತಿರುವಿದರು. "ಇದರಲ್ಲಿ ಮೌಲಾನಾ ಹೆಸರೇ ಇಲ್ವಲ್ಲ?"

"ಇಲ್ಲ ಮೇಡಂ. ಅದು ನನ್ನ ಓದು."

"ನಿಮ್ಮ ಓದು ಅಂದ್ರೆ? ಸಂಶೋಧನೆನಾ, ನಂಬಿಕೆನಾ?"

ಇದೇ ಪ್ರಶ್ನೆಯನ್ನು ಚಿಕ್ಕಪ್ಪ ಮನೆಗೆ ಬಂದಾಗಲೆಲ್ಲ ತಿರುಗಿಸಿ ಕೇಳುತ್ತಿದ್ದರು: ಬರೀ ಸಂಶೋಧನೆನಾ, ನಂಬಿಕೆನೂ ಒಂಚೂರು ಇದೆಯಾ?

"ಎರಡನ್ನೂ ಬೇರೆ ಮಾಡೋಕೆ ನನಗೆ ಆಗಲ್ಲ," ಎಂದಳು.

ಅಧ್ಯಕ್ಷೆಯ ಪೆನ್ನು ನಿಂತಿತು. ಪ್ರೊಫೆಸರು ಬಾಗಿಲ ಕಡೆ ನೋಡಿದರು. ಕೆಲಸ ಕೈಜಾರುತ್ತಿತ್ತು.

"ಹೋಗಲಿ, ನೇರವಾಗಿ ಹೇಳಿ," ಎಂದರು ಅಧ್ಯಕ್ಷೆ. "ಅಪ್ಪಣೆ ಬೇಕಾ, ಬೇಡವಾ? ನೀವೇನಂತೀರಿ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ವರ್ಷಗಳಿಂದ ಅಲ್ಲೇ ಇತ್ತು. ಅವಳು ಬಾಯಿ ತೆರೆದಳು.

"ಮೌಲಾನಾ ಅವರ ಪ್ರಕಾರ..."

ಅಧ್ಯಕ್ಷೆಯ ಮುಖ ಅರಳಿತು. ಪ್ರೊಫೆಸರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಅವಳು ಎಲ್ಲೂ ತಡವರಿಸಲಿಲ್ಲ. ಹಳೆಯ ಮೌಲಾನಾ, ಹೊಸ ಮೌಲಾನಾ, ಇಬ್ಬರ ನಡುವಿನ ಬಿರುಕು. ಒಂದೊಂದು ವಾಕ್ಯವೂ ಅಚ್ಚಿಗೆ ಹೋಗುವಷ್ಟು ನೀಟಾಗಿ ಬಂತು.

"ಇದೇ ಅಲ್ವಾ ನಿಮ್ಮ ಎರಡನೇ ಪುಸ್ತಕ!" ಅಧ್ಯಕ್ಷೆ ಅವಳ ಯೋಜನೆಯ ಹಾಳೆಗಳನ್ನು ಮಡಚಿ ಹಿಂದಕ್ಕೆ ಕೊಟ್ಟರು. "ಯಾವಾಗಿಂದ ಸೇರ್ತೀರಿ?"

"ಸೋಮವಾರದಿಂದ," ಎಂದಳು.