ಮುಂಜಾನೆಯ ಓಟ, ಮಧ್ಯಾಹ್ನದ ಓಟ

ಬೂಟಿನ ಅಡಿಯ ಗೀರುಗಳಲ್ಲಿ ಕೆಂಪು ಮಣ್ಣು ಒಣಗಿ ಕೂತಿದೆ, ಶೀತಲ್ ಕೂದಲಿನ ಪಿನ್ನಿನಿಂದ ಒಂದೊಂದೇ ಗೀರು ಕೆರೆಯುತ್ತಾಳೆ, ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮೈದಾನದಿಂದ ಬಂದಾಗಿನಿಂದ ಇದೇ ಕೆಲಸ — ತಂಗಿ ಸಪ್ನಾಳ ಬೂಟು, ತನ್ನದಕ್ಕಿಂತ ದೊಡ್ಡ ಕಾಲು, ಹದಿನೇಳು ವರ್ಷದ ಕಾಲು, ಬುದ್ಧಿ ಮಾತ್ರ ಐದಕ್ಕೇ ನಿಂತಿದೆ ಎಂದಿದ್ದರು ಡಾಕ್ಟರು, ಆ ಕಾಲು ಹೇಗೆ ಓಡುತ್ತದೆಂದು ಡಾಕ್ಟರಿಗೇನು ಗೊತ್ತು, ಭಾಂಡುಪ್ ಮೈದಾನದಲ್ಲಿ ಕ್ರಿಕೆಟ್ ಆಡುವವರು ಬ್ಯಾಟು ಕೆಳಗಿಟ್ಟು ನೋಡುತ್ತಿದ್ದರು, ಅಂಥವಳಿಗೆ ಮೆತ್ತಗೆ ಓಡುವುದನ್ನು ಕಲಿಸಬೇಕಾಯಿತು, ಅಪ್ಪ ಅಣವೀರಪ್ಪ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದ — ಇಂಥಾ ಮಕ್ಕಳ ಆಟದಾಗ ಮುಂಜಾನೆ ಒಂದ್ಸಲ ಓಡಿಸಿ ನೋಡ್ತಾರ, ಜೋರಿದ್ದೋರ್ನ ಜೋರಿದ್ದೋರ ಕೂಡ, ಮೆತ್ತಗಿದ್ದೋರ್ನ ಮೆತ್ತಗಿದ್ದೋರ ಕೂಡ ಹಾಕ್ತಾರ, ಮುಂಜಾನೆ ಮೆತ್ತಗ ಓಡಿದ್ರ ಮಧ್ಯಾಹ್ನ ನಮ್ದ ಮೊದಲ ನಂಬರ, ಶೀತಲ್, ನೀನ ಕಲಿಸು, ಆಕಿ ನಿನ್ನ ಮಾತ ಕೇಳ್ತಾಳ. ಎಲ್ಲಿ ಕೇಳಿದಳು, ಓಡು ಎಂದರೆ ಹಾರಿಯೇ ಹೋಗುತ್ತಿದ್ದಳು, ಆಮೇಲೆ ಶೀತಲ್ ಚಿವುಟಿದಳು, ತೋಳಿನ ಒಳಮೈ, ಅಂಗಿ ಮುಚ್ಚುವ ಜಾಗ ನೋಡಿಕೊಂಡು, ಜೋರು ಓಡಿದರೆ ಚಿವುಟು, ಮೆತ್ತಗೆ ಓಡಿದರೆ ಶೇಂಗಾ ಚಿಕ್ಕಿ, ಮೂರನೇ ವಾರಕ್ಕೆ ಚಿಕ್ಕಿಯೇ ಬೇಕಾಗಲಿಲ್ಲ. ಇವಳನ್ನು ನೋಡಿಕೊಳ್ಳಲೆಂದೇ ತನ್ನನ್ನು ಎಂಟನೇ ಇಯತ್ತೆಗೆ ಶಾಲೆ ಬಿಡಿಸಿದ್ದರಲ್ಲ, ಆ ಸಿಟ್ಟೂ ಬೆರಳಲ್ಲಿತ್ತೇ, ಇರಲಿಕ್ಕಿಲ್ಲ, ಇತ್ತು.

ಇವತ್ತು ಆ ಆಟದಲ್ಲಿ ಮುಂಜಾನೆ ಹೇಳಿದಂತೆಯೇ ಓಡಿದಳು, ಎಮ್ಮೆ ನಡೆದ ಹಾಗೆ, ಅಪ್ಪ ತಾನು ಕೆಲಸ ಮಾಡುವ ಬೈಕುಲ್ಲಾದ ಅಂಗಡಿಗೆ ಫೋನು ಹಚ್ಚಿದ, ಪೇಢೆ ತರಿಸಿಡ್ರೋ, ಮಧ್ಯಾಹ್ನ ಗೆದ್ದು ಮಗಳು ಪುಣೆಗೆ ಆಡಾಕ ಹೋಗೂ ಟೀಮಿಗೆ ಹೊಂಟಾಳ. ಮಧ್ಯಾಹ್ನ ಗೆರೆಯ ಮೇಲೆ ನಿಲ್ಲಿಸಿ ಈಗ ಜೋರು ಓಡು ಎಂದರೆ ಸಪ್ನಾ ಅಕ್ಕನ ಬೆರಳುಗಳನ್ನೇ ನೋಡುತ್ತಾಳೆ, ಚೂಟೂದಿಲ್ಲ? ಇಲ್ಲವ್ವ, ದೇವರಾಣಿ. ಸೀಟಿ — ಉಳಿದ ಹುಡುಗಿಯರು ಇನ್ನೂ ಅರ್ಧದಲ್ಲಿ, ಇವಳು ಆಚೆ ಮುಟ್ಟಿದ್ದಾಳೆ, ಗೆದ್ದವರು ಕೈ ಎತ್ತುತ್ತಾರೆ, ಇವಳು ಎತ್ತಲಿಲ್ಲ, ಎಡತೋಳನ್ನು ಬಲಗೈಯಿಂದ ಮುಚ್ಚಿಕೊಂಡು ನಿಂತಳು, ಚಪ್ಪಾಳೆಯ ನಡುವೆ, ತೋಳು ಮುಚ್ಚಿಕೊಂಡು. ಟೀಮಿನ ಪಟ್ಟಿ ಹಿಡಿದಿದ್ದ, ಇಂಥ ಮಕ್ಕಳಿಗೆ ಓಟ ಕಲಿಸುವ ಶೈಲಾ ಮೇಡಂ, ಸಯನ್‌ದವರು, ಎರಡೂ ಓಟದ ಟೈಮು ನೋಡಿ ಹತ್ತಿರ ಬಂದರು — ಮುಂಜಾನಿಗಿಂತ ಇಷ್ಟ ಫಾಸ್ಟ್ ಹ್ಯಾಂಗ್ರೀ, ಬೇಕಂತ ಸ್ಲೋ ಓಡಿದ್ರ ಔಟ್ ಅಂತ ರೂಲ್ ಐತಿ, ಪುಣೆ ಟೀಮಿಂದನೂ ಹೆಸರು ತಗೀತಾರ, ಇದೆಲ್ಲ ಆಕಿಗೆ ಹೊಳಿಯೂದಲ್ಲ, ಕಲಿಸಿದೋರು ಯಾರಂತ ಒಬ್ಬರು ಒಪ್ಪಿದ್ರ ಆಕಿ ಹೆಸರು ಉಳಿಸ್ತೀನಿ. ಅಪ್ಪ ಹಲ್ಲು ಕಿಸಿದ, ಅದಕ್ಕ ಬುದ್ಧಿ ಎಲ್ಲೈತ್ರೀ ಮೇಡಂ, ಮನಸ್ಸಿಗೆ ಬಂದಂಗ ಓಡತೈತಿ. ಮೇಡಂ ಇತ್ತ ತಿರುಗಿದರು, ನೀ ಹೇಳವ್ವ. ಶೀತಲ್ ಉಗುರು ಕಾಣದಂತೆ ಬೆರಳು ಮಡಚಿದಳು, ನಂಗ ಗೊತ್ತಿಲ್ರೀ — ಅಷ್ಟೇ, ಎರಡು ಮಾತು, ಪಟ್ಟಿಯಲ್ಲಿ ಸಪ್ನಾಳ ಹೆಸರಿನ ಮೇಲೆ ಮೇಡಂ ಪೆನ್ನು ಹಾಯಿತು. ಬರುವಾಗ ಲೋಕಲ್‌ನಲ್ಲಿ ಅಪ್ಪ ಎದುರಿನವರಿಗೂ ಕೇಳುವಂತೆ, ಜನ್ಮದಾಗ ಒಂದ್ಸಲ ಮುಂದ ಬಂತು ನೋಡ್ರಿ ನಮ್ಮ ಹುಚ್ಚಿ, ಅದೂ ಬ್ಯಾಡಾದಷ್ಟ ಮುಂದ, ಎದುರಿನವರು ನಕ್ಕರು, ಅವರು ನಕ್ಕದ್ದಕ್ಕೆ ಸಪ್ನಾನೂ ನಕ್ಕಳು, ಕೈ ಮಾತ್ರ ತೋಳು ಬಿಡಲಿಲ್ಲ. ಗೀರಿನಲ್ಲಿ ಇನ್ನು ಮಣ್ಣಿಲ್ಲ, ಪಿನ್ನು ರಬ್ಬರನ್ನೇ ಕೀಳುತ್ತಿದೆ, ನಾಳೆ ಸಯನ್‌ಗೆ ಹೋಗಿ ಮೇಡಂಗೆ ಹೇಳಿದರೆ, ಅಪ್ಪ ಕೊಲ್ಲುತ್ತಾನೆ, ಕೊಲ್ಲಲಿ, ಹೇಳುವುದಿಲ್ಲ ತಾನು, ಅದು ತನಗೇ ಗೊತ್ತು — ತೋಳಿನ ಮೇಲೆ ಆ ಕೈ, ಅದರಾಚೆಗೆ ಯೋಚನೆ ಹೋಗುತ್ತಿಲ್ಲ, ತೋಳಿನ ಮೇಲೆ ಕೈ, ಹೊಸ್ತಿಲಲ್ಲಿ ನಿಂತಿದ್ದಾಳೆ ಸಪ್ನಾ, ಹಾಗೆಯೇ ಮುಚ್ಚಿಕೊಂಡು, ಅವ್ವ ರಾಚವ್ವ ರೊಟ್ಟಿಯಿಂದ ಕಣ್ಣೆತ್ತುವುದಿಲ್ಲ, ಅಪ್ಪ ಮೊಬೈಲಿನಿಂದ ಎತ್ತುವುದಿಲ್ಲ, ಅಕ್ಕಾ, ಜೋರ ಓಡ್ಲೋ, ಮೆತ್ತಗ ಓಡ್ಲೋ? ಅಪ್ಪಾ? ಯವ್ವಾ? ಯಾರರ ಹೇಳ್ರಿ.