ಶಂಕ್ರೆಪ್ಪನ ಹೆಂಡತಿ ಇಂದೂ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಣ್ಣು ನಮ್ಮ ಓಣಿಯಲ್ಲಿ ಇಂದೂ ಒಬ್ಬಳೇ. ಉಳಿದವರು 'ಇವರು' ಅನ್ನುತ್ತೇವೆ, 'ಮನಿಯವರು' ಅನ್ನುತ್ತೇವೆ, ತೀರ ಕಟ್ಟಿಹಾಕಿದರೆ ಮಗನ ಹೆಸರು ಹಿಡಿದು 'ಅವರಪ್ಪ' ಅಂದು ಪಾರಾಗುತ್ತೇವೆ. ಇಂದೂ ಹಾಗಲ್ಲ. ರೇಶನ್ ಅಂಗಡಿಯವನು ಕೇಳಿದರೂ, ನಳದ ಸರದಿಯಲ್ಲಿ ಹೊಸಬಳೊಬ್ಬಳು ನೀ ಯಾರವ್ವಾ ಅಂದರೂ, ಯಾರೂ ಏನೂ ಕೇಳದಿದ್ದರೂ, "ನಾ ಶಂಕ್ರೆಪ್ಪನ ಹೆಂಡತಿ ಇಂದೂ" ಅನ್ನುತ್ತಾಳೆ. ಅನ್ನುವಾಗ ಕಣ್ಣು ನೆಲಕ್ಕಿಳಿಯುತ್ತದೆ. ಬಲಗೈ ತನ್ನಷ್ಟಕ್ಕೆ ಕೊರಳಿಗೆ ಹೋಗಿ ತಾಳಿಯ ದಾರವನ್ನು ಹಿಡಿದುಕೊಳ್ಳುತ್ತದೆ. ನಾಚಿಕೆ ಬಿಟ್ಟವಳು ಅಂತ ಹಿಂದೆ ಆಡಿಕೊಳ್ಳುವವರಿದ್ದಾರೆ. ಅವಳಷ್ಟು ನಾಚಿಕೆ ಹೊತ್ತು ತಿರುಗುವವಳು ಇನ್ನೊಬ್ಬಳಿಲ್ಲವೆಂದು ಅವರಿಗೆ ಹೇಗೆ ತಿಳಿಯಬೇಕು?

ನಡಿಗೆಯೊಂದನ್ನು ನೋಡಬೇಕು ಅವಳದು. ತುಂಬಿದ ಕೊಡ ಸೊಂಟಕ್ಕಿದ್ದರೂ ಬೆನ್ನು ಬಾಗುವುದಿಲ್ಲ, ಕೆಸರಲ್ಲಿ ಕಾಲಿಟ್ಟರೂ ಗೆಜ್ಜೆಯ ಮೇಲೆ ಹನಿ ಸಿಡಿಯುವುದಿಲ್ಲ, ನೆರಿಗೆಗಳು ಒಂದರ ಹಿಂದೊಂದು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಸರಿದಾಡುತ್ತವೆ. ಯಾದಗಿರಿ ಕಡೆಯಿಂದ ಮದುವಣಗಿತ್ತಿಯಾಗಿ ಪುಣೆಗೆ ಬಂದಾಗಲೇ ಆ ನಡಿಗೆ ಇತ್ತು. ಗಂಡ ಶಂಕ್ರೆಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಈರುಳ್ಳಿ ಚೀಲ ಹೊತ್ತೂ ಹೊತ್ತೂ ಒಂದು ಹೆಗಲು ಇಳಿದುಹೋದ, ಮಾತು ಕಡಿಮೆಯ, ನಗು ಜಾಸ್ತಿಯ ಮನುಷ್ಯ. ಬಂದ ಮರುವರ್ಷವೇ ಇಂದೂ ಭೋಸರಿಯಲ್ಲಿ ರೇಡಿಯೋದ ಕೂದಲಿನಂಥ ತಂತಿಗಳನ್ನು ಬೆಸೆಯುವ ಕಾರ್ಖಾನೆಯೊಂದಕ್ಕೆ ಸೇರಿದಳು. ಲಗ್ನವಾದವರಿಗೆ ಅಲ್ಲಿ ಕೆಲಸವಿರಲಿಲ್ಲ. ಆದ್ದರಿಂದ ತಾಳಿಯನ್ನು ಕುಪ್ಪಸದ ಒಳಗೆ ಪಿನ್ನು ಹಾಕಿ ಮುಚ್ಚಿಕೊಂಡು, ಕಾಲುಂಗುರವನ್ನು ಮನೆಯ ಗೂಡಿನಲ್ಲಿಟ್ಟು, ಕುಮಾರಿ ಇಂದೂ ಆಗಿ ದಿನಾ ಬಸ್ಸು ಹತ್ತುತ್ತಿದ್ದಳು. ಹೊಟ್ಟೆಪಾಡಿನ ಸುಳ್ಳು, ಅದಕ್ಕೆ ಅವಳು ನಾಚಲಿಲ್ಲ, ನಾವೂ ತಪ್ಪು ಹಿಡಿಯಲಿಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಕಾರ್ಖಾನೆಯವರು ವರ್ಷದ ಹಾಡು-ಕುಣಿತದ ಜಲಸಾದಲ್ಲಿ ಸೌಂದರ್ಯ ಸ್ಪರ್ಧೆ ಇಟ್ಟರು. ಕೆಲಸದ ಹುಡುಗಿಯರೇ ಅದರಲ್ಲಿ ನಿಲ್ಲಬೇಕು, ಕುಮಾರಿಯರಷ್ಟೇ ನಿಲ್ಲಬೇಕು. ಜೊತೆಯವರು ಇಂದೂವನ್ನು ಮುಂದೆ ನೂಕಿದರು. ಅವಳು ಅಂಜುತ್ತ ಮನೆಗೆ ಬಂದು ಹೇಳಿದರೆ ಶಂಕ್ರೆಪ್ಪನೇ ಹುರಿದುಂಬಿಸಿದ.

"ಹೋಗು. ನೀ ಚೆಂದ ಅದಿ ಅಂತ ನನಗೊಬ್ಬನಿಗೇ ಗೊತ್ತಿದ್ರ ಏನ್ ಬಂತು?"

ಆ ದಿನ ತೊಡಲು ಗೆಳತಿ ಕೊಟ್ಟ ಕುಪ್ಪಸದ ಕೊರಳು ಅಗಲವಾಗಿತ್ತು, ತಾಳಿ ಮುಚ್ಚಿಡಲು ಜಾಗವೇ ಇರಲಿಲ್ಲ. ಇಂದೂ ಅದನ್ನು ಬಿಚ್ಚಿ ಗಂಡನ ಕೈಗಿಟ್ಟಳು. ಅವನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಎದೆಜೇಬಿನಲ್ಲಿಟ್ಟುಕೊಂಡು ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕೂತ. ವೇದಿಕೆಯ ಮೇಲೆ ಅವಳು ನಡೆದದ್ದೇ ತಡ, ಶಿಳ್ಳೆ, ಚಪ್ಪಾಳೆ. ಬಹುಮಾನದ ಬಟ್ಟಲು ಕೈಗಿಟ್ಟ ಸಾಹೇಬರು ಮೈಕಿನಲ್ಲಿ ಮರಾಠಿಯಲ್ಲಿ ಕೇಳಿದರು, ಜೊತೆಗೆ ಯಾರು ಬಂದಿದ್ದಾರಮ್ಮಾ? ಎಲ್ಲರೂ ಹೊರಳಿ ನೋಡಿದರು. ಹಿಂದಿನ ಸಾಲಿನಲ್ಲಿ ಚೀಲದ ಧೂಳು ಅಂಟಿದ ಹೆಗಲಿನ ಒಬ್ಬನೇ ಹೊರಗಿನವನು. ಯಾರೂ ಬಂದಿಲ್ಲವೆನ್ನಬಹುದಿತ್ತು, ಊರವನೆನ್ನಬಹುದಿತ್ತು. ಇಂದೂ "ಮಾಝಾ ದಾದಾ" ಅಂದಳು. ನನ್ನ ಅಣ್ಣ.

ಶಂಕ್ರೆಪ್ಪ ಎದ್ದು ನಿಂತು, ನಾಲ್ಕೂ ದಿಕ್ಕಿಗೆ ಕೈಮುಗಿದು, ಕೂತ.

ತಿರುಗಿ ಬರುವಾಗ ಬಸ್ಸಿನ ತುಂಬ ಕಾರ್ಖಾನೆಯ ಹುಡುಗಿಯರು. ಅವನು ಗಂಡಸರ ಕಡೆ ಬಟ್ಟಲು ಹಿಡಿದು ನಿಂತೇ ಬಂದ. ಮನೆಯಲ್ಲಿ ಕರವಸ್ತ್ರ ಬಿಚ್ಚಿ ಕೊಟ್ಟಾಗ ಇಂದೂ ಕೊರಳು ಬಾಗಿಸಿ ಮುಂದೆ ಕೂತಳು, ನೀವೇ ಕಟ್ಟಿರಿ ಅಂತ.

"ಅಣ್ಣ ತಂಗಿ ಕೊರಳಿಗೆ ತಾಳಿ ಕಟ್ತಾನೇನು?" ಅಂದು ಅವನು ನಕ್ಕ.

ಚೇಷ್ಟೆಗೆ ಅಂದದ್ದೇ. ಆದರೆ ಕಟ್ಟಲಿಲ್ಲ. ಅವಳೇ ಕಟ್ಟಿಕೊಂಡಳು. ಮುಂದೆ ಎರಡು ಮಕ್ಕಳಾದವು, ಕಾರ್ಖಾನೆ ಬಿಟ್ಟಳು, ಕಾಲುಂಗುರ ಬೆರಳಿಗೆ ಮರಳಿತು; ಅವನು ಒಂದು ಬಿರುಸು ಮಾತು ಆಡಿದವನಲ್ಲ. ಸಂಕ್ರಾಂತಿಗೆ ಹಳೆಯ ದಾರ ತೆಗೆದು ಹೊಸ ದಾರಕ್ಕೆ ತಾಳಿ ಪೋಣಿಸಿ ಅವಳು ಎದುರು ಕೂತಾಗ ಮಾತ್ರ, "ಕೈ ಹೊಲಸಾಗ್ಯಾವ, ನೀನ ಕಟ್ಕೋ" ಅಂದು ಅದೇ ನಗು ನಕ್ಕು ಎದ್ದುಹೋಗುತ್ತಿದ್ದ. ಕೈ ತೊಳೆದು ಬರುತ್ತಾನೇನೋ ಅಂತ ಅವಳು ಕಾಯುವಳು. ಬಟ್ಟಲನ್ನು ಅಕ್ಕಿಡಬ್ಬಿಯ ತಳಕ್ಕೆ ಹಾಕಿದ್ದಳು. ಅಕ್ಕಿ ತೀರಿ ಅದು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು.

ಎಂಬತ್ತಾರರ ಸಂಕ್ರಾಂತಿಗೆ ನಮ್ಮ ಮಹಿಳಾ ಮಂಡಳದವರಿಗೂ ಹುಚ್ಚು ಹತ್ತಿತು. ಅರಿಷಿಣ-ಕುಂಕುಮದ ದಿನ ಮುತ್ತೈದೆಯರ ಸೌಂದರ್ಯ ಸ್ಪರ್ಧೆ! ನಡೆದು ತೋರಿಸಬೇಕು, ಕಡೆಗೆ ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು; ನಮ್ಮಂಥವರ ಬಾಯಲ್ಲಿ ಆ ಹೆಸರು ಬರುವುದು ಒಡಪಿನಲ್ಲಷ್ಟೇ. ಮೊದಲು ಎದ್ದವಳು ಧರ್ಮಣ್ಣನ ಹೆಂಡತಿ ರಂಗೂಬಾಯಿ, ಗಟ್ಟಿ ಬಾಯಿಯವಳು.

"ಹಂಡೆ ತುಂಬ ಹಾಲು, ಮ್ಯಾಲ ಕೆನಿ ಬೆರಳಷ್ಟು, ಧರ್ಮಣ್ಣ ತರತಾರ ಸೀರಿ, ಉಡತೀನಿ ಮನಸಿಗೆ ಬಂದಷ್ಟು!"

ನಗೆ ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಇಂದೂ ನಡೆದಳು. ಅರ್ಧ ಕೆಲಸ ಅಲ್ಲೇ ಮುಗಿಯಿತು, ಗೆದ್ದಳೆಂದೇ ಎಲ್ಲರೂ ಅಂದುಕೊಂಡೆವು. ಬಾಗಿಲಲ್ಲಿ ಗಂಡಸರ ಗುಂಪಿನಲ್ಲಿ ಶಂಕ್ರೆಪ್ಪನಿದ್ದ. ಅವಳು ಒಡಪು ಕಟ್ಟಲಿಲ್ಲ.

"ಅಲ್ಲಿ ನಿಂತವರು ಶಂಕ್ರೆಪ್ಪ. ನನ್ನ ಗಂಡ. ಹಿಂದ ಒಮ್ಮೆ ಹಿಂಗ ಎಲ್ಲಾರ ಮುಂದ ನಿಂತು, ಅವರನ್ನ ನನ್ನ ಅಣ್ಣ ಅಂದಿದ್ನಿ. ಅಂದು, ಒಂದು ಬಟ್ಟಲ ತಗೊಂಡು ಬಂದ್ನಿ."

ಆಮೇಲೆ ರಂಗೂಬಾಯಿ, "ಮತ್ತ ಇಷ್ಟ ದಿನ ತವರುಮನ್ಯಾಗ ಇದ್ದಿಯೇನವಾ?" ಅಂದಳು, ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ಶಂಕ್ರೆಪ್ಪನಿದ್ದ ಜಾಗ ಖಾಲಿಯಾಗಿತ್ತು. ಬಹುಮಾನದ ಸ್ಟೀಲಿನ ಡಬ್ಬಿ ರಂಗೂಬಾಯಿಗೇ ಹೋಯಿತು.

ನಮ್ಮವು ತಗಡಿನ ಗೋಡೆಯ ಮನೆಗಳು. ಕೇಳಬಾರದೆಂದರೂ ಆ ರಾತ್ರಿ ಶಂಕ್ರೆಪ್ಪನ ಮಾತು ಕಿವಿಗೆ ಬಿತ್ತು.

"ನಾ ಮುಚ್ಚಿಟ್ಟಿದ್ನಿ. ನೀ ಯಾಕ ಮಂದಿ ಮುಂದ ಬಿಚ್ಚಿದಿ? ನನಗ ತಲಿ ಎತ್ತಲಾರದಂಗ ಆತು."

"ನಿಮಗ ಇವತ್ತ ಆತರಿ. ನನಗ ಎಂಟ ವರ್ಷದಿಂದ ಅದ."

ಆಮೇಲೆ ಹಂಡೆಯಲ್ಲಿ ತಂಬಿಗೆ ಅದ್ದಿದ, ಕೈ ತೊಳೆದ, ತೊಳೆದೇ ತೊಳೆದ ಸದ್ದು.

"ದಾರ ತಾ."

ಮರುದಿನ ನಳದ ಹತ್ತಿರ ನೋಡಿದೆವು. ಕತ್ತಿನ ಹಿಂದೆ, ಅವನು ಯಾರ್ಡಿನಲ್ಲಿ ಚೀಲದ ಬಾಯಿಗೆ ಹಾಕುವ ದಪ್ಪ ಗಂಟು, ಕತ್ತರಿಸಬಹುದು, ಬಿಚ್ಚಲಾಗದು. ಕತ್ತು ಉಜ್ಜಿ ಕೆಂಪಾಗಿತ್ತು. ಇನ್ನು ಮಂದಿ ಮುಂದೆ ನನ್ನ ಹೆಸರು ತೆಗೀಬ್ಯಾಡ ಅಂತ ಅವನು ಅಂದಿದ್ದನಂತೆ. ಉಳಿದೆಲ್ಲ ಮಾತು ಕೇಳುವ ಇಂದೂ ಅದೊಂದನ್ನು ಇವತ್ತಿಗೂ ಕೇಳಿಲ್ಲ. ಅವಳು ಹೆಸರು ಹೇಳಿದಾಗಲೆಲ್ಲ ಪಕ್ಕದಲ್ಲಿದ್ದರೆ ಅವನು ಚಪ್ಪಲಿಯ ಬಾರು ಸರಿಮಾಡುವವನ ಹಾಗೆ ಬಗ್ಗಿಬಿಡುತ್ತಾನೆ.

ಇಂಥವರಿಗೆ ಕ್ಷಮೆ ಸಿಕ್ಕಮೇಲೂ ನಾಚಿಕೆ ಮುಗಿಯುವುದಿಲ್ಲ. ಮುಗಿಯಲೆಂಬ ಆಸೆಯೂ ಅವರಿಗಿಲ್ಲವೇನೋ. ನಾಲ್ಕು ಜನರ ಚಪ್ಪಾಳೆಯ ನಡುವೆ, ಎಚ್ಚರವಿದ್ದೇ, ತಮ್ಮವರನ್ನು ಒಮ್ಮೆ ಬಿಟ್ಟುಕೊಟ್ಟವರು ಆಮೇಲೆ ಜೀವಮಾನವೆಲ್ಲ ಕೇಳಿದವರಿಗೂ ಕೇಳದವರಿಗೂ ಇವರು ನನ್ನವರೆಂದು ಹೇಳುತ್ತಲೇ ಇರುತ್ತಾರೆ. ದೂರದಿಂದ ನೋಡಿದವರು ಅದನ್ನು ಸೊಕ್ಕು ಅನ್ನುತ್ತಾರೆ.